ಆಸ್ಪತ್ರೆಯ ಫೋನಿಗೆ ಕಾದ ಸೋಮವ್ವ

ಕುರ್ಲಾ ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ, ಚಾಳುಗಳನ್ನು ಒಡೆದು ಎಬ್ಬಿಸಿದ ಬಿಲ್ಡಿಂಗುಗಳು ಒಂದಕ್ಕೊಂದು ಮೈ ಒತ್ತಿಕೊಂಡು ನಿಂತಿವೆ. ಮಧ್ಯದ ಗಲ್ಲಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಆತುಕೊಳ್ಳಬೇಕು. ಕೆಳಗಿನ ಮನೆಗಳಿಗೆ ಬಿಸಿಲಿಲ್ಲ, ಗಾಳಿಯಿಲ್ಲ, ಫೋನಿನ ಸಿಗ್ನಲ್ಲಂತೂ ಇಲ್ಲವೇ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ತಲೆ ನರೆಸಿಕೊಂಡ ರಮಾಮಣಿಗೆ, ಅಂದರೆ ನನಗೆ, ಕೊನೆಗಾಲಕ್ಕೆ ಸಿಕ್ಕಿದ್ದು ಇಂಥ ಮನೆ. ಮಂಡಿನೋವು, ಮೆಟ್ಟಿಲು ಹತ್ತಲಾಗದು, ಕೆಳಗಿನದೇ ಬೇಕು ಎಂದು ಹಠ ಹಿಡಿದವಳೂ ನಾನೇ. ಇನ್ನು ಯಾರನ್ನು ಬಯ್ಯಲಿ!

ಪಕ್ಕದ ಖೋಲಿ ಸೋಮವ್ವನದು. ಆಳಂದದ ಕಡೆಯವಳು. ಗಂಡನ ಹೆಸರು ಶ್ರೀಮಂತ; ಸ್ಲ್ಯಾಬ್ ಹಾಕುವ ಮೊದಲು ಸೆಂಟ್ರಿಂಗ್ ಹಲಗೆ ಕಟ್ಟುತ್ತಿದ್ದ. ಈ ಮುಂಬಯಿಯ ಅದೆಷ್ಟು ತಾರಸಿಗಳಿಗೆ ಅವನ ಕೈ ತಾಗಿದೆಯೋ, ದೇವರಿಗೇ ಗೊತ್ತು. ಮಕ್ಕಳಿಲ್ಲ. ಸೋಮವ್ವ ಮನೆಗೆಲಸಕ್ಕೆ ಹೋಗುವವಳು. ಮೊದಲು ಬೊರಿವಲಿಯಲ್ಲಿದ್ದಾಗ, ಒಂದು ಮನೆಯಲ್ಲಿ ಗೀಸರ್ ಆರಿಸದೆ ಬಂದಳೆಂದು ಮರುದಿನವೇ ಬಾಗಿಲಲ್ಲಿ ನಿಲ್ಲಿಸಿ ಕೆಲಸದಿಂದ ಕಳಿಸಿಬಿಟ್ಟಿದ್ದರಂತೆ. ಆಮೇಲಿನಿಂದ ಕೆಲಸ ಮುಗಿಸಿ ಹೊರಡುವಾಗ ಮನೆಯ ಬಟನ್‌ಗಳನ್ನೆಲ್ಲ ಬಂದ್ ಮಾಡಿ, ಪ್ಲಗ್ ಕಿತ್ತು, ಇನ್ನೊಮ್ಮೆ ತಿರುಗಿ ನೋಡಿ ಬಾಗಿಲೆಳೆಯುವುದು ಅವಳ ಕೈಗೆ ಹತ್ತಿದ ಅಭ್ಯಾಸ. ಕೆಲಸದ ಮನೆಯವರು ಅವಳನ್ನು ಹೊಗಳುತ್ತಿದ್ದುದೂ ಅದಕ್ಕೇ. ಇವಳ ಕೈಗೆ ಬೀಗದ ಕೈ ಕೊಟ್ಟು ನಿಶ್ಚಿಂತೆಯಾಗಿ ಊರಿಗೆ ಹೋಗಬಹುದು ಎನ್ನುತ್ತಿದ್ದರು.

ಶ್ರೀಮಂತನ ಎರಡೂ ಕಿಡ್ನಿ ಕೆಟ್ಟವು. ಟ್ರಸ್ಟಿನ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಶುರುವಾಯಿತು. ಸೋಮವ್ವ ತನ್ನದೊಂದು ಕಿಡ್ನಿ ತೆಗೆದುಕೊಳ್ಳಿ ಎಂದು ಡಾಕ್ಟರ ಕಾಲು ಹಿಡಿದಳು. ನಿನಗೆ ಸಕ್ಕರೆ ಕಾಯಿಲೆ ಇದೆ, ಆಗದು ಅಂದರು. ಕೊನೆಗೆ, ತೀರಿಕೊಂಡವರ ಮನೆಯವರು ದಾನ ಕೊಡುವ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ಅವನ ಹೆಸರು ಬರೆದುಕೊಂಡರು. ಅಲ್ಲಿನ ಮೇಡಮ್ಮು ಬಿಡಿಸಿ ಹೇಳಿ ಕಳಿಸಿದಳಂತೆ: ಯಾವ ಹೊತ್ತಿಗಾದರೂ ಫೋನ್ ಬರಬಹುದು, ಎತ್ತಬೇಕು, ಕೂಡಲೇ ಹೊರಟು ಬರಬೇಕು. ಫೋನ್ ಹತ್ತದಿದ್ದರೆ ನಾವು ಕಾಯುವುದಿಲ್ಲ, ಮುಂದಿನವರನ್ನು ಕರೆಯುತ್ತೇವೆ.

ಕೊಟ್ಟು ಬಂದದ್ದು ಎರಡು ನಂಬರು. ಒಂದು ಅವನದು, ಇನ್ನೊಂದು ಇವಳ ಬಟನ್ ಫೋನಿನದು. ಎರಡೂ ಖೋಲಿಯೊಳಗೆ ಬಂದರೆ ಸತ್ತ ಹಾಗೇ. ಅಲ್ಲಿಂದ ಶುರುವಾಯಿತು ನೋಡಿ ಕಟ್ಟೆಯ ಕಾವಲು. ಗೇಟಿನ ಪಕ್ಕದಲ್ಲಿ ನೀರಿನ ಟಾಕಿಯ ಕಟ್ಟೆಯ ಮೇಲೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಅವಳು ಕೆಲಸಕ್ಕೆ ಹೋದಾಗ ಅವನು, ಅವನು ಮಲಗಿದಾಗ ಅವಳು, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಕೂರುವುದು. ಮಳೆಗಾಲದಲ್ಲಿ ಫೋನಿಗೆ ಪ್ಲಾಸ್ಟಿಕ್ ಚೀಲ, ತಲೆಗೆ ಹರಕು ಕೊಡೆ. ಸೋಮವ್ವ ಅಕ್ಕಿ ಆರಿಸಿದ್ದು, ಮೆಂತ್ಯದ ಸೊಪ್ಪು ಸೋಸಿದ್ದು, ಊಟ ಮಾಡಿದ್ದು ಎಲ್ಲ ಅಲ್ಲೇ. ಬ್ಯಾಟರಿ ಮುಗಿದೀತೆಂದು ಆ ಫೋನಿನಲ್ಲಿ ಒಂದು ಹಾಡು ಕೂಡ ಹಚ್ಚುತ್ತಿರಲಿಲ್ಲ.

ತರಕಾರಿ ಮಾರುವ ವಸಂತಿ ಅವಳನ್ನು ಕೆಣಕದೆ ಮುಂದೆ ಹೋಗುತ್ತಿರಲಿಲ್ಲ.

“ಏನು ಸೋಮವ್ವ, ದಿನಾ ಕಾವು ಕೊಡ್ತೀಯಲ್ಲ, ಫೋನು ಮರಿ ಹಾಕ್ತದಾ?”

“ಹಾಕ್ತದ, ಹಾಕ್ತದ. ಹಾಕಿದ್ರ ನಿನಗೂ ಒಂದು ಕೊಡ್ತೀನಿ, ತಡಿ.”

ನಗುವ ಜೀವ ಅದು. ಆಗಿನ್ನೂ ನಗುತ್ತಿತ್ತು.

ನನ್ನ ತಂಗಿಯ ಮಗಳು ಸಾಧನಾ ಮೈಸೂರಿನಿಂದ ಒಂದೇ ಸಮನೆ ಗಂಟುಬಿದ್ದು ನನ್ನ ಮನೆಗೆ ವೈಫೈ ಹಾಕಿಸಿದಳು. ಕೇಬಲ್‌ನವನು ಬಂದು, ಗೋಡೆಗೆ ಒಂದು ಡಬ್ಬಿ ಬಡಿದು, ವೈರ್ ಎಳೆದು ಹೋದ. ಆ ವೈಫೈ ಮೇಲೆ ಬರೀ ಸಿನಿಮಾ ನೋಡುವುದಲ್ಲ, ನಮ್ಮ ಮಾಮೂಲಿ ನಂಬರಿನ ಫೋನ್ ಕರೆಯೂ ಬರುತ್ತದೆ, ಸಿಗ್ನಲ್ ಇಲ್ಲದಿದ್ದರೂ ಬರುತ್ತದೆ ಎಂದು ಸಾಧನಾ ಹೇಳಿದಾಗ ನನಗೆ ಮೊದಲು ನೆನಪಾದದ್ದು ಪಕ್ಕದ ಮನೆ. ಆವತ್ತೇ ಶ್ರೀಮಂತನನ್ನು ಕರೆದು ಪಾಸ್‌ವರ್ಡ್ ಕೊಟ್ಟೆ. ಅವನ ಫೋನಿನ ಸೆಟ್ಟಿಂಗ್‌ನಲ್ಲಿ ‘ವೈಫೈ ಕಾಲಿಂಗ್’ ಅನ್ನುವುದನ್ನು ಹುಡುಕಿ ಚಾಲೂ ಮಾಡಿದೆ. ಫೋನನ್ನು ಅವರ ಖೋಲಿಯ ದೇವರ ಗೂಡಿನ ಪಕ್ಕದಲ್ಲಿಟ್ಟು, ನಾನು ಗೇಟಿನ ತನಕ ಕುಂಟುತ್ತಾ ಹೋಗಿ ಕರೆ ಮಾಡಿದೆ. ಒಳಗೆ ಟ್ರಿಣ್ ಎಂದು ರಿಂಗಾಯಿತಂತೆ. ಸೋಮವ್ವ ಅಲ್ಲಿಂದಲೇ ಕೂಗಿಕೊಂಡಳು. ಎಷ್ಟೋ ಟ್ರಂಕ್ ಕಾಲ್ ಜೋಡಿಸಿದ ನನಗೆ ಆ ಒಂದು ಕರೆ ಹತ್ತಿದಾಗ ಆದಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

“ಟಾವರ್ ಇಲ್ದ ಹ್ಯಾಂಗ್ ಬಂತ್ರೀ ಅಕ್ಕಾರ?” ಎಂದು ಕಣ್ಣರಳಿಸಿ ಕೇಳಿದಳು.

“ಫೋನಿನಲ್ಲೇ ಒಂದು ಬಟನ್ ಇದೆ ಕಣೇ, ಅದನ್ನ ಒತ್ತಿದೀನಿ. ಇನ್ನು ಕಟ್ಟೆ ಸಹವಾಸ ಬಿಡು. ಒಳಗೆ ಫ್ಯಾನ್ ಕೆಳಗೆ ಬಿದ್ದುಕೋ” ಅಂದೆ.

ಶ್ರೀಮಂತನಿಗೆ ಅದು ನನ್ನ ವೈಫೈಯಿಂದ ಬರುತ್ತದೆಂದು ಗೊತ್ತಿತ್ತು. ಸೋಮವ್ವನ ಲೆಕ್ಕದಲ್ಲಿ ಮಾತ್ರ, ಅಕ್ಕಾರು ಫೋನಿನೊಳಗೇ ಏನೋ ಮಾಡಿಕೊಟ್ಟಿದ್ದರು. ಆವತ್ತು ಮಧ್ಯಾಹ್ನ ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಒಳಗೆ ಮಲಗಿ ನಿದ್ದೆ ಮಾಡಿದರು. ಗೋಡೆಯಾಚೆಯಿಂದ ಇಬ್ಬರ ಗೊರಕೆಯೂ ಕೇಳುತ್ತಿತ್ತು.

ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ನಾನು ಮೈಸೂರಿಗೆ ಹೊರಟೆ. ವೈಫೈ ಡಬ್ಬಿಯನ್ನು ಬೇಕೆಂದೇ ಚಾಲೂ ಬಿಟ್ಟೆ. ಕೀ ಸೋಮವ್ವನ ಕೈಗೆ ಕೊಟ್ಟು, “ತುಳಸಿಗೆ ನೀರು ಹಾಕ್ತಿರು ಕಣಮ್ಮ” ಅಂದೆ. “ನಿಮ್ಮ ಮನಿ ನಂದೇ ಅಂತ ತಿಳೀರಿ. ಬೇಫಿಕರ್ ಹೋಗ್ರಿ ಅಕ್ಕಾರ” ಅಂದು ನನ್ನ ಚೀಲವನ್ನು ರಿಕ್ಷಾದ ತನಕ ಹೊತ್ತು ತಂದಳು.

ಶನಿವಾರ ಬೆಳಿಗ್ಗೆ ವಾಪಸ್ ಬಂದೆ. ಬಾಗಿಲು ತೆಗೆದರೆ ಮನೆ ಫಳಫಳ ಅನ್ನುತ್ತಿದೆ. ನೆಲ ಒರೆಸಿದ್ದಾಳೆ. ಫ್ರಿಜ್ ಖಾಲಿ ಮಾಡಿ, ತೊಳೆದು, ವಾಸನೆ ಹಿಡಿಯಬಾರದೆಂದು ಬಾಗಿಲಿಗೆ ಬಟ್ಟೆ ಸಿಕ್ಕಿಸಿ ಆರಿಸಿದ್ದಾಳೆ. ಟಿವಿಯ ಪ್ಲಗ್ ಕಿತ್ತಿದೆ. ಗೋಡೆಯ ಮೇಲಿನ ಡಬ್ಬಿಯ ಪ್ಲಗ್ಗೂ ಕಿತ್ತಿದೆ. ಅದರ ಧೂಳು ಒರೆಸಿ, ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ಮೊಳೆಗೆ ತೂಗುಹಾಕಿದ್ದಾಳೆ. ಬೇರೆಯವರ ಕರೆಂಟು ಸುಮ್ಮನೆ ಉರಿಯಬಾರದಲ್ಲ.

ಚಪ್ಪಲಿ ಕೂಡ ಬಿಚ್ಚದೆ ಹೋಗಿ ಪ್ಲಗ್ ಹಾಕಿದೆ. ಹಸಿರು ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಸ್ವಲ್ಪ ಹೊತ್ತಾಗಿರಬೇಕು, ಗೋಡೆಯಾಚೆ ಶ್ರೀಮಂತನ ಫೋನಿನಲ್ಲಿ ಟಿಣ್ ಅಂದಿತು. ಮತ್ತೆ ಟಿಣ್. ಮತ್ತೆ. ನಿಲ್ಲುತ್ತಲೇ ಇಲ್ಲ. ಕರೆ ಬಂದಿತ್ತು, ನೀವು ಸಿಗಲಿಲ್ಲ ಎಂದು ಹೇಳುವ ಮೆಸೇಜುಗಳು. ಅಯ್ಯೋ ಪರಮಾತ್ಮ, ಅವು ಬೇರೆ ಯಾರದ್ದಾದರೂ ಆಗಿರಲಿ, ಕಂಪನಿಯವರ ಹಾಳು ಜಾಹೀರಾತೇ ಆಗಿರಲಿ ಎಂದು ನಿಂತಲ್ಲೇ ಬೇಡಿಕೊಂಡೆ. ಆದರೆ ಅವರಿಗೆ ಫೋನ್ ಮಾಡುವವರಾದರೂ ಯಾರಿದ್ದರು?

ಆಸ್ಪತ್ರೆಗೆ ತಿರುಗಿ ಫೋನ್ ಮಾಡಲು ಶ್ರೀಮಂತ ಕಟ್ಟೆಗೆ ಓಡಿದ್ದು ಕೇಳಿಸಿತು. ಓಡುವ ದೇಹವೇ ಅಲ್ಲ ಅದು, ಆದರೂ ಓಡಿದ. ತಿರುಗಿ ಬಂದು ನನ್ನ ಬಾಗಿಲಲ್ಲಿ ನಿಂತಾಗ ಏದುಸಿರು. ಹಿಂದೆಯೇ ಸೋಮವ್ವ, ಕೈಗೆ ಹತ್ತಿದ ರೊಟ್ಟಿ ಹಿಟ್ಟಿನ ಸಮೇತ.

“ಅಕ್ಕಾರ, ನಿಮ್ಮ ವೈಫೈ ಬಂದ್ ಇತ್ತೇನ್ರೀ?”

“ಏನಾಯ್ತಪ್ಪ?”

“ನಿನ್ನಿ ಮಧ್ಯಾಹ್ನ ದವಾಖಾನಿಯಿಂದ ಫೋನ್ ಬಂದಿತ್ತಂತ. ನಾ ಡಯಾಲಿಸಿಸ್ ಮುಗಿಸ್ಕೊಂಡು ಬಂದು ಮಲಗಿದ್ದೆ, ಇಕಿನೂ ಒಳಗೇ ಇದ್ದಳು. ಬಾಜೂಕೇ ಇಟ್ಟೀನ್ರೀ ಫೋನು! ಎರಡೂ ನಂಬರಿಗಿ ಮಾಡೇ ಮಾಡ್ಯಾರಂತ. ಹತ್ತಿಲ್ಲ.” ಅವನು ಬಾಗಿಲ ಚೌಕಟ್ಟಿಗೆ ಒರಗಿದ. “ಬ್ಯಾರೇದವ್ರಿಗಿ ಕೊಟ್ಟುಬಿಟ್ರಂತ್ರೀ.”

ಸೋಮವ್ವ ಅವನ ಹೆಗಲಿನಾಚೆಯಿಂದ ಗೋಡೆಯನ್ನು ನೋಡುತ್ತಿದ್ದಳು. ವೈಫೈ ಎಂದು ಅವನು ಅಂದದ್ದು, ನನ್ನ ಕಣ್ಣು ಡಬ್ಬಿಯ ಕಡೆ ಹೋದದ್ದು, ತಾನು ಸುತ್ತಿಟ್ಟಿದ್ದ ವೈರು ಈಗ ಬಿಚ್ಚಿಕೊಂಡಿರುವುದು ಎಲ್ಲ ಅವಳಿಗೆ ಒಂದೇ ಗಳಿಗೆಯಲ್ಲಿ ಅರ್ಥವಾಯಿತು. ಅವಳ ಮುಖ ಆಗ ಹೇಗಾಯಿತೆಂದು ನಾನು ಹೇಳಲಾರೆ. ಹೆಣದ ಮುಂದೆ ನಿಂತವರ ಮುಖ ಕಂಡಿದ್ದೇನೆ, ಆದರೂ ಹಾಗಿದ್ದುದನ್ನು ಕಂಡಿಲ್ಲ. ಬಾಯಿ ತೆರೆದಳು.

ಅವಳು ಮಾತಾಡುವ ಮೊದಲೇ ನಾನು ಮಾತಾಡಿಬಿಟ್ಟೆ. “ನಾನೇ ಕಣಪ್ಪ. ಊರಿಗೆ ಹೊರಡೋ ಗಡಿಬಿಡಿಯಲ್ಲಿ ಆರಿಸಿಬಿಟ್ಟು ಹೋದೆ.”

ಅವನು ನನ್ನನ್ನೇ ನೋಡಿದ. ಬಯ್ಯುತ್ತಾನೆ, ಕೈಯೆತ್ತಿದರೂ ಎತ್ತಿಯಾನು ಅಂದುಕೊಂಡೆ. ಅವನು ಕೇಳಿದ್ದು ಇಷ್ಟೇ: “ಒಂದು ಮಾತು ಹೇಳಿ ಹೋಗಬಾರದಾಗಿತ್ತೇನ್ರೀ? ನಾವು ಕಟ್ಟಿ ಮ್ಯಾಲ ಕುಂದರ್ತಿದ್ದೆವು.”

ಯಾಕೆ ಹಾಗೆ ಸುಳ್ಳು ಹೇಳಿದೆ ಎಂದರೆ ಏನು ಹೇಳಲಿ? ಅವನಿಗೆ ಇದ್ದವಳು ಅವಳೊಬ್ಬಳು. ಇನ್ನು ಮುಂದೆಯೂ ಅವಳ ಕೈಯ ಊಟವೇ ಅವನ ಗಂಟಲಲ್ಲಿ ಇಳಿಯಬೇಕಿತ್ತು. ನನ್ನನ್ನು ದ್ವೇಷಿಸಿದರೆ ನನಗೇನು ಹೋಗುತ್ತದೆ, ಮುದುಕಿ, ಎಂದುಕೊಂಡೆ.

ಮರುದಿನ ಅವನು ಮಲಗಿದ್ದಾಗ ಸೋಮವ್ವ ಬಂದಳು. ಕೂರು ಅಂದರೂ ಕೂರಲಿಲ್ಲ.

“ನಾನೇ ಹೇಳಿಬಿಡ್ತೀನ್ರೀ ಅಕ್ಕಾರ. ನನ್ನ ಕೈಲಿ ಆಗವಲ್ದು.”

“ಹೇಳಿ ಏನು ಮಾಡ್ತೀಯ? ಹೋದದ್ದು ವಾಪಸ್ ಬರುತ್ತಾ? ಅವನಿಗೆ ಇರೋ ಒಂದು ಆಸರೇನೂ ತಪ್ಪಿಸಬೇಡ. ಬಾಯಿ ಮುಚ್ಚಿಕೊಂಡು ಗಂಡನ್ನ ನೋಡ್ಕೋ, ಹೋಗು” ಎಂದು ಗದರಿದೆ.

ಶ್ರೀಮಂತ ನನ್ನ ವೈಫೈಯನ್ನು ಫೋನಿನಿಂದ ಕಿತ್ತುಹಾಕಿದ. ಮತ್ತೆ ಕಟ್ಟೆ. ಈಗ ಕಟ್ಟೆಯ ಮೇಲೆ ಸೋಮವ್ವ ಒಬ್ಬಳೇ, ಅವನಿಗೆ ಕೂರುವ ಶಕ್ತಿಯಿರಲಿಲ್ಲ. ಎರಡು ಮನೆಯ ಕೆಲಸ ಬಿಟ್ಟಳು. ಬಿಸಿಲಿಗೆ ಮುಖ ಕಪ್ಪಿಟ್ಟಿತು. ವಸಂತಿ ತರಕಾರಿ ಬುಟ್ಟಿ ಹೊತ್ತು ಸುಮ್ಮನೆ ದಾಟಿ ಹೋಗುತ್ತಿದ್ದಳು. ಕಿಡ್ನಿ ಸಿಕ್ಕಿದೆಯೆಂದು ಆ ಫೋನು ಮತ್ತೆ ರಿಂಗಾಗಲೇ ಇಲ್ಲ. ಕಡೆಗೆ, ಗುಂಡಿಗೆ ಸೋತಿದೆ, ಆಪರೇಷನ್ ತಡೆಯುವುದಿಲ್ಲ ಎಂದು ಡಾಕ್ಟರು ಅವನ ಹೆಸರನ್ನೇ ಸಾಲಿನಿಂದ ತೆಗೆದರು.

ಗೋಡೆಯಾಚೆಯಿಂದ ಅವನ ಬೈಗುಳ ನನಗೆ ಕೇಳುತ್ತಿತ್ತು. “ಆ ಮುದುಕಿ ನನ್ನ ಜೀವ ತಿಂದಳು.” ಸೋಮವ್ವನ ಸದ್ದೇ ಇರುತ್ತಿರಲಿಲ್ಲ. ಸುಳ್ಳು ಹೇಳಿದ್ದು ನಾನೇ, ಬಾಯಿ ಮುಚ್ಚಿಸಿದ್ದೂ ನಾನೇ. ಆದರೂ ನನಗೆ ಉರಿಯುತ್ತಿತ್ತು. ಒಂದೇ ಒಂದು ಸಲ ‘ಬಿಡ್ರಿ, ಪಾಪ’ ಅನ್ನಬಾರದೇ ಇವಳು! ನೀರಿನ ಸಾಲಿನಲ್ಲಿ ಎದುರಾದರೆ ತಲೆ ತಗ್ಗಿಸುತ್ತಿದ್ದಳು, ನಾನೂ ಮುಖ ತಿರುಗಿಸುತ್ತಿದ್ದೆ.

ಒಂದು ಸಂಜೆ ಅವಳು ಬಂದು, “ಅವ್ರು ಕರೀಲಿಕತ್ಯಾರ್ರೀ” ಅಂದಳು. ಹೋದೆ. ಶ್ರೀಮಂತ ಗೋಡೆಗೆ ದಿಂಬು ಒತ್ತಿ ಕೂತಿದ್ದ. ಕಾಲುಗಳು ಊದಿ ಹೊಳೆಯುತ್ತಿದ್ದವು. ಎರಡು ಮಾತಿಗೊಮ್ಮೆ ಉಸಿರು ಹಿಡಿಯಬೇಕಿತ್ತು.

“ಅಕ್ಕಾರ, ನಿಮಗ ಭಾಳ ಬೈದೀನ್ರೀ. ನಿಮಗೂ ಕೇಳಿಸಿರಬೇಕು. ನೀವೇನು ಬೇಕಂತ ಮಾಡೀರೇನು? ತಿಳೀಲಾರದ ಆಗ್ಯದ. ನಾ ಮಾಫ್ ಮಾಡೀನಿ. ಹೊಟ್ಟ್ಯಾಗ ಏನೂ ಇಟ್ಕೊಂಡಿಲ್ಲ. ನೀವೂ ಇಟ್ಕೋಬ್ಯಾಡ್ರಿ.”

ನನಗೆ ಅಳು ತಡೆಯಲಾಗಲಿಲ್ಲ. ಒಲೆಯ ಹತ್ತಿರ ನಿಂತಿದ್ದ ಸೋಮವ್ವನನ್ನು ನೋಡಿದೆ. ಈಗ ಹೇಳು, ಹುಚ್ಚಿ, ಈಗ ಹೇಳಿದರೆ ನಿನ್ನನ್ನೂ ಕ್ಷಮಿಸುತ್ತಾನೆ, ಹೇಳು ಎಂದು ಕಣ್ಣಲ್ಲೇ ಒತ್ತಾಯಿಸಿದೆ. ಅವಳಿಗೂ ತಿಳಿಯಿತು. ಸೆರಗಿಗೆ ಕೈ ಒರೆಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

ಅಷ್ಟರಲ್ಲಿ ಅವನೇ ಅವಳ ಕಡೆ ಕೈ ಮಾಡಿದ. “ಇಕಿನ್ನ ನೋಡ್ರೀ ಅಕ್ಕಾರ. ಇಡೀ ದುನಿಯಾ ನನಗ ಕೈ ಕೊಡ್ತು, ಇಕಿ ಒಬ್ಬಾಕಿ ಕೊಡ್ಲಿಲ್ಲ. ನನ್ನ ವಿಷಯದಾಗ ಒಂದು ತಪ್ಪೂ ಮಾಡ್ದಾಕಿ ಅಲ್ಲ. ಅದೊಂದು ಸಮಾಧಾನ ತಗೊಂಡು ಹೊಂಟೀನಿ.”

ಸೋಮವ್ವ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು.

ನನ್ನನ್ನು ಬಾಗಿಲ ತನಕ ಕಳಿಸಲು ಬಂದಳು. ಗಲ್ಲಿಯ ಕತ್ತಲಲ್ಲಿ ಮುಖ ಕಾಣುತ್ತಿರಲಿಲ್ಲ.

“ನಿಮಗ ಮಾಫಿ ಸಿಕ್ತಲ್ರೀ ಅಕ್ಕಾರ” ಅಂದಳು. “ನಂದು ನಾ ಯಾರ ಬಲ್ಲಿ ಕೇಳ್ಲಿ?”

ಒಳಗಿನಿಂದ ಶ್ರೀಮಂತ ಅವಳ ಹೆಸರು ಹಿಡಿದು ಕರೆದ. “ಬಂದ್ನಿ, ತಡೀರಿ” ಎಂದು ಒಳಗೆ ಹೋದಳು.