ಗಂಗಕ್ಕನ ಕಾರಿನ ಕೊನೆಯ ಹಂತಿ

ಅಗರಖೇಡದ ತೋಟದಿಂದ ನಾವು ಬೆಳಿಗ್ಗೆ ಏಳಕ್ಕೆ ಹೊರಟೆವು. ಹೊರಟೆವು ಎನ್ನುವುದಕ್ಕಿಂತ ಹೊರಡಲು ಕುಳಿತೆವು ಎನ್ನುವುದು ಸರಿ. ಕಾರು ಜಾಗ ಬಿಟ್ಟು ಕದಲಲಿಲ್ಲ.

ಗಾಡಿ ದೂರ ಹೊರಟರೆ ಗಾಲಿಗೊಂದು ನಿಂಬೆಹಣ್ಣು ಇಟ್ಟು ಅದರ ಮೇಲೆ ಹಾಯಿಸುವುದು ಎಲ್ಲ ಕಡೆಯ ಪದ್ಧತಿ. ಆದರೆ ನಮ್ಮದು ಇಂಡಿ ತಾಲೂಕು, ನಿಂಬೆಯ ಸೀಮೆ. ಇಲ್ಲಿ ಒಂದೇ ಹಣ್ಣು ಇಟ್ಟರೆ ಜಿಪುಣ ಎಂಬ ಹೆಸರು ಬರುತ್ತದೆ. ತೋಟದ ಆಳುಗಳು ಅಕ್ಕರೆಯಿಂದ ಒಂದೊಂದು ಗಾಲಿಗೆ ಒಂದೊಂದು ಬುಟ್ಟಿ ಸುರಿದಿದ್ದರು. ಫರಸಿ ಕಲ್ಲಿನ ಅಂಗಳ, ಮೇಲೆ ಹಿಂದಿನ ದಿನದ ಮಳೆಯ ಪಸೆ. ನಾನು ಕ್ಲಚ್ ಬಿಟ್ಟೆ. ಹಣ್ಣುಗಳು ಪಚಪಚ ಒಡೆದವು, ಹಿಂದಿನ ಗಾಲಿ ರಸದಲ್ಲಿ ತಿರುಗಿತು, ಮುಂದಿನ ಫಲಕದಲ್ಲಿ ಒಂದು ಹಳದಿ ದೀಪ ಮಿಣಮಿಣ ಎಂದಿತು. ನಾನು ಎಕ್ಸಲರೇಟರ್ ಎಷ್ಟು ಒತ್ತಿದರೂ ಎಂಜಿನ್ನಿನ ಸದ್ದು ಏರಲಿಲ್ಲ.

"ಒತ್ತಬ್ಯಾಡೊ ತಮ್ಮಾ," ಎಂದಳು ಪಕ್ಕದಲ್ಲಿದ್ದ ಗಂಗಕ್ಕ. "ಗಾಡಿ ತಾನ ಬಿಡವಲ್ದು. ಇದರಾಗ ಒಬ್ಬಾಕಿ ಅತ್ತಿ ಅದಾಳ. ಗಾಲಿ ಜಾರಾಕತ್ತೈತಿ ಅಂತ ಗೊತ್ತಾದ್ರ ಎಂಜಿನ್ನಿನ ಕೈ ಹಿಡೀತಾಳ."

ಗಾಲಿ ಜಾರದಂತೆ ಎಂಜಿನ್ನನ್ನು ತಡೆಯುವ ಯಂತ್ರಕ್ಕೆ ಅವಳು ಇಟ್ಟ ಹೆಸರು ಅತ್ತೆ. ಅವಳು ಗೇರಿನ ಹತ್ತಿರದ ಒಂದು ಗುಂಡಿಯನ್ನು ತಡವಿ ಒಮ್ಮೆ ಒತ್ತಿದಳು. ಗಾಲಿ ಗರಗರ ತಿರುಗಿ, ನಿಂಬೆಯ ಸಿಪ್ಪೆಯನ್ನು ಆಳುಗಳ ಧೋತರದ ಮೇಲೆಲ್ಲ ಎರಚಿ, ಕಲ್ಲನ್ನು ಕಚ್ಚಿತು. ಕಾರು ಗೇಟಿನ ಹೊರಗೆ ಬಂತು. ಗಂಗಕ್ಕ ಅದೇ ಗುಂಡಿಯನ್ನು ಮತ್ತೆ ಒತ್ತಿದಳು. "ರಸ್ತಾ ಮಂದೀದು. ಇಲ್ಲಿ ಅತ್ತಿ ಇರಲಿ," ಎಂದಳು.

ಗಂಗಕ್ಕ ನನ್ನ ಸ್ವಂತ ಅಕ್ಕ. ಅರವತ್ತು ದಾಟಿದವಳು, ನಿಂಬೆ ತೋಟದ ಯಜಮಾನಿ. ನಿಂಬೆಗೆ ಬಂಗಾರದ ಬೆಲೆ ಬಂದ ಒಂದು ವರ್ಷ ಎಲ್ಲರೂ ಟ್ರ್ಯಾಕ್ಟರ್ ಕೊಂಡರೆ ಇವಳು ಸೊಲ್ಲಾಪುರಕ್ಕೆ ಹೋಗಿ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವ ಈ ಕೆಂಪು ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡಿಗೆ ತಂದಳು. ಊರು ನಕ್ಕಿತು. ಇವಳು ಗಾಡಿ ಹೊಡೆದಳು. ಈಗ ಕಣ್ಣಿನ ನರ ಒಣಗುತ್ತಿದೆ. ಬದಿಯ ನೋಟ ಹೋಗಿದೆ, ಉಳಿದದ್ದೂ ನಿಲ್ಲುವುದಿಲ್ಲ ಎಂದು ಡಾಕ್ಟರರು ಹೇಳಿದ ದಿನವೇ ಅವಳು ಕೀಲಿಯನ್ನು ಗೂಟಕ್ಕೆ ಹಾಕಿದಳು. ಬಸವನ ಬಾಗೇವಾಡಿಯ ಒಬ್ಬ ದನದ ಡಾಕ್ಟರರು ಕಾರು ಕೊಂಡಿದ್ದರು. ಸಂಜೆಯೊಳಗೆ ಮುಟ್ಟಿಸುವುದು ನನ್ನ ಕೆಲಸ. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು, ಸ್ಕೂಟರಿನ ಮನುಷ್ಯ.

ಇಂಡಿ ದಾಟಿದ ಮೇಲೆ ಅವಳು ಮನಸ್ಸಿನಲ್ಲಿದ್ದುದನ್ನು ಹೇಳಿದಳು. "ಈಗ ಒತ್ತಿದ್ನೆಲ್ಲ, ಅದು ಅರ್ಧಾ. ಗುಂಡಿ ಒತ್ತಿ ಹಿಡದ್ರ ಪೂರಾ ಬಂದ್ ಆಕ್ಕೈತಿ. ಆಮ್ಯಾಲ ಗಾಡಿ ಅಡ್ಡ ಹೋದ್ರ ಬ್ರೇಕ್ ಹಾಕಿ ನೆಟ್ಟಗ ಮಾಡಾವ್ರು ಯಾರೂ ಇಲ್ಲ. ಇಷ್ಟ ವರ್ಷ ಮಾಡಿಲ್ಲ ನಾನು. ಕೊಡೂಕಿಂತ ಮೊದ್ಲ ಒಮ್ಮಿ, ಮಂದಿ ಇಲ್ಲದ ಬಯಲಾಗ, ನಾನ ಹೊಡೀಬೇಕು."

"ಕಣ್ಣು?" ಎಂದೆ.

"ಮುಂದಿಂದು ಕಾಣತೈತಿ. ಮುಂದಿನ ವರ್ಷ ಅದೂ ಇರಂಗಿಲ್ಲ. ಅದಕ್ಕ ಇವತ್ತ."

ಬಯಲು ಹುಡುಕುತ್ತ ನಾನು ನೇರ ದಾರಿ ಬಿಟ್ಟು ಸಿಂದಗಿಯ ಕಡೆ ತಿರುಗಿಸಿದೆ.

ಇಂಡಿಯಿಂದ ಸಿಂದಗಿ ಹೆಚ್ಚುಕಡಿಮೆ ನಲವತ್ತೈದು ಕಿಲೋಮೀಟರು. ನಾನು ಅದನ್ನು ಒಂದೂವರೆ ತಾಸಿನಲ್ಲಿ ಮುಗಿಸಿದೆ. ಮೇವು ಹೇರಿದ ಮೂರು ಗಾಲಿಯ ಟಂಟಂ ಒಂದು ನಮ್ಮನ್ನು ಹಿಂದೆ ಹಾಕಿತು; ಅದರ ಡ್ರೈವರ್ ಹಣಿಕಿ ನೋಡಿ, "ಯಾಕ್ರಿ ಸರ, ಎಣ್ಣಿ ಖಾಲಿ ಆಗೈತೇನ್ರಿ?" ಎಂದು ಕೇಳಿದ. ಗಂಗಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ಸಿಂದಗಿಯಲ್ಲಿ ಸುಸಲಾ, ಮಿರ್ಚಿ ಭಜಿ ತಿಂದು, ಪರಿಚಯದವರ ಹೊಸ ಲೇಔಟ್ ನೋಡಲು ಹೋದೆವು. ಖಾಲಿ ಇದೆ ಎಂದಿದ್ದರು. ಹೋದರೆ ಅಲ್ಲಿ ಖಡಿ ಕಲ್ಲಿನ ಗುಡ್ಡೆಗಳು, ಅವುಗಳ ನಡುವೆ ಕುರಿಹಿಂಡು. ಗಂಗಕ್ಕ ಕುರಿಗಳನ್ನು ನೋಡಿದಳು, ಮುಖ ತಿರುಗಿಸಿ ಕಾರು ಹತ್ತಿದಳು.

ಅಲ್ಲಿಂದ ತಾಳಿಕೋಟೆ. ಎರಡೂ ಕಡೆ ಎರೆಹೊಲ, ಮೋಡದ ಕೆಳಗೆ ಇನ್ನಷ್ಟು ಕಪ್ಪಗಿತ್ತು. ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸುವಾಗಲೇ ಮಳೆ ದಬದಬ ಸುರಿಯಿತು. ಗಂಗಕ್ಕ ಒಂದೇ ರೊಟ್ಟಿಗೆ ಕೈ ತೊಳೆದಳು. ನಾನು ಮೂರು ರೊಟ್ಟಿ ತಿಂದೆ. ಮಳೆಯಿಂದ ಎಲ್ಲ ಕೆಟ್ಟಿತು ಎಂದು ನಾನು ಅಂದುಕೊಂಡೆ. ಮನಸ್ಸಿನ ಒಂದು ಮೂಲೆಯಲ್ಲಿ ನೆಮ್ಮದಿಯೂ ಆಗಿತ್ತು.

ಆಗ ಅವಳು ಫೋನ್ ಹಚ್ಚಿದ್ದು ಕಸ್ತೂರಿಬಾಯಿಗೆ. ಇವಳ ಶಾಲೆಯ ಗೆಳತಿ. ಈಗ ಮುದ್ದೇಬಿಹಾಳದ ಹೊರಗೆ ಒಂದು ಹತ್ತಿ ಮಿಲ್ಲಿನ ಮಾಲಕಿ. ಮುಂಗಾರಿನಲ್ಲಿ ಹತ್ತಿಯ ಕೆಲಸವಿಲ್ಲ, ಮಿಲ್ಲಿನ ಅಂಗಳ ಬರಿದು. "ಮಳಿ ಆಗಿದ್ದು ಚಲೋ ಆತು," ಎಂದು ಗಂಗಕ್ಕ ಫೋನಿನಲ್ಲಿ ಕೂಗುತ್ತಿದ್ದಳು. "ಒಣ ನೆಲದಾಗ ಗಾಡಿ ಜಾರಬೇಕಂದ್ರ ಜೋರ ಹೋಗಬೇಕು. ತೊಯ್ದ ನೆಲದಾಗ ಸಾವಕಾಶ ಹೋದ್ರೂ ಜಾರತೈತಿ!" ಖಾನಾವಳಿಯವರೆಲ್ಲ ಕೈಯಲ್ಲಿ ತುತ್ತು ಹಿಡಿದು ಇವಳನ್ನೇ ನೋಡಿದರು.

ಕಸ್ತೂರಿಬಾಯಿ ಕೊಡೆ ಹಿಡಿದು ತಾನೇ ಗೇಟು ತೆಗೆದಳು. ಒಳಗೆ ಕಾಂಕ್ರೀಟಿನ ದೊಡ್ಡ ಅಂಗಳ. ಎತ್ತಿನ ಗಾಡಿ, ಲಾರಿ, ಒಂದು ಮೂಟೆ ಕೂಡ ಇಲ್ಲ. ಮಳೆ ನಿಂತಿತ್ತು. ನೆಲದ ಮೇಲೆ ತೆಳ್ಳಗೆ ನೀರು.

"ಏನ ಮಾಡಾಕಿ ಗಂಗಿ ಇಲ್ಲಿ?"

"ಹಂತಿ ಹೊಡ್ಯಾಕಿ."

ಹಂತಿ ಎಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ರಾಶಿಯ ಕಾಲಕ್ಕೆ ಕಣದ ನಡುವೆ ಮೇಟಿಕಂಬ ನೆಟ್ಟು, ಎತ್ತುಗಳನ್ನು ಸಾಲಾಗಿ ಅದಕ್ಕೆ ಕಟ್ಟಿ, ಜೋಳದ ತೆನೆಯ ಮೇಲೆ ಸುತ್ತ ಹೊಡೆಯುವುದು. ನಮ್ಮ ಕಣದಲ್ಲಿ ಹಂತಿ ಹೊಡೆಯುತ್ತಿದ್ದವಳು ಗಂಗಕ್ಕನೇ. ಕಸ್ತೂರಿಬಾಯಿ ಕಿಸಕ್ಕನೆ ನಕ್ಕು, ಅಂಗಳದ ನಡುವೆ ಒಂದು ಖಾಲಿ ಗೋಣಿಚೀಲ ಎಸೆದಳು. "ತಗೋ, ನಿನ್ನ ಮೇಟಿ," ಎಂದು ಕಟ್ಟೆ ಹತ್ತಿ ನಿಂತಳು.

ಗಂಗಕ್ಕ ಚಪ್ಪಲಿ ಬಿಟ್ಟು ಸ್ಟೇರಿಂಗಿಗೆ ಕುಳಿತಳು. ಗುಂಡಿಯನ್ನು ಒತ್ತಿ ಹಿಡಿದಳು. ಮುಂದಿನ ಫಲಕದಲ್ಲಿ ಜಾರುವ ಕಾರಿನ ಚಿತ್ರ ಹತ್ತಿಕೊಂಡಿತು, ಆರಲಿಲ್ಲ. "ಅತ್ತಿ ತೌರಮನಿಗೆ ಹೋದ್ಲು," ಎಂದಳು. ನಾನು ಪಟ್ಟಿ ಬಿಗಿದು ಕುಲದೇವರನ್ನು ನೆನೆದೆ.

ಮೊದಲ ಸುತ್ತಿಗೇ ಕಾರಿನ ಹಿಂಬದಿ ನಮ್ಮನ್ನು ದಾಟಿ ಮುಂದೆ ಬಂತು. ಅಂಗಳ, ಗೋಡೆ, ಕಸ್ತೂರಿಬಾಯಿ, ಮತ್ತೆ ಅಂಗಳ. ಕಾರು ತಿರುಗಿ, ಬಂದ ದಾರಿಗೆ ಮುಖ ಮಾಡಿ ಎಂಜಿನ್ ಆರಿ ನಿಂತಿತು. ಗಂಗಕ್ಕ ಮತ್ತೆ ಎಂಜಿನ್ ಚಾಲೂ ಮಾಡಿ, ಗುಂಡಿ ಒತ್ತಿ ಹಿಡಿದು, "ಕಾಲು ಭಾರ ಆತು," ಎಂದಳು. "ಎತ್ತಿಗೆ ಹೊಡದಂಗ ಹೊಡದ್ನಿ. ಹಂಗ ಹೊಡೀಬಾರ್ದು."

ಎರಡನೆಯ ಸಲ ಅವಳು ಮೆಲ್ಲಗೆ ಹೊರಟಳು. ಹಿಂದಿನ ಗಾಲಿ ಜಾರಿತು. ಅವಳು ಸ್ಟೇರಿಂಗನ್ನು ತಿರುವಿನ ಎದುರು ದಿಕ್ಕಿಗೆ ಬಿಟ್ಟಳು, ಕಾಲಿನ ಒತ್ತನ್ನು ಹೆಚ್ಚೂ ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ಕಾರು ನೆಟ್ಟಗಾಗಲಿಲ್ಲ, ಮೊದಲಿನಂತೆ ತಿರುಗಿ ನಿಲ್ಲಲೂ ಇಲ್ಲ. ಗೋಣಿಚೀಲದ ಕಡೆ ಮೂತಿ ಮಾಡಿಕೊಂಡು, ಅಡ್ಡಡ್ಡಲಾಗಿ, ದುಂಡಗೆ ಸುತ್ತತೊಡಗಿತು. ನಾವು ಹೋಗುವ ದಾರಿ ನನಗೆ ಮುಂದಿನ ಗಾಜಿನಲ್ಲಿ ಅಲ್ಲ, ಪಕ್ಕದ ಕಿಟಕಿಯಲ್ಲಿ ಕಾಣುತ್ತಿತ್ತು! ಗಾಲಿಗಳಿಂದ ನೀರು ರೆಕ್ಕೆ ಬಿಚ್ಚಿದಂತೆ ಏಳುತ್ತಿತ್ತು. ಅಕ್ಕನ ಕೈಗಳು ಸ್ಟೇರಿಂಗಿನ ಮೇಲೆ ರೊಟ್ಟಿ ತಟ್ಟುವಷ್ಟೇ ಹಗುರಾಗಿ ಆಡುತ್ತಿದ್ದವು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಜೀವಮಾನವಿಡೀ ಮಕ್ಕಳಿಗೆ ಹೇಳಿದವನು ನಾನು. ಸುತ್ತುವುದೆಂದರೆ ಇಷ್ಟು ಬೆರಗು ಎಂದು ನನಗೆ ಯಾರೂ ಹೇಳಿರಲಿಲ್ಲ. ಕಟ್ಟೆಯ ಮೇಲೆ ಕಸ್ತೂರಿಬಾಯಿ ಹಂತಿಯ ರಾಗ ಎತ್ತಿದ್ದಳು. ಕೊನೆಯ ಸುತ್ತಿನಲ್ಲಿ ವೇಗ ಏರಿದಾಗ ಮಾತ್ರ ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ.

ಕಾರು ನಿಂತಾಗ ಅಕ್ಕನ ಕೆನ್ನೆ ತೊಯ್ದಿತ್ತು. ಅವಳು ಗುಂಡಿ ಒತ್ತಿದಳು, ದೀಪ ಆರಿತು. "ಬಾ, ಈಗ ನೀ ಹೊಡಿ," ಎಂದು ಇಳಿದಳು.

ಬಸವನ ಬಾಗೇವಾಡಿಗೆ ಇಳಿಹೊತ್ತಿಗೆ ಮುಟ್ಟಿದೆವು. ದನದ ಡಾಕ್ಟರರು ಚಹಾ ಕೊಟ್ಟರು, ಅವರ ಹೆಂಡತಿ ಅಕ್ಕನಿಗೆ ಉಡಿ ತುಂಬಿದರು. ಆಮೇಲೆ ಗಾಲಿಗೊಂದೊಂದು ನಿಂಬೆಹಣ್ಣು ಇಟ್ಟರು. "ಬಾಗೇವಾಡಿ ಮಂದಿ ಕೈ ಬಿಗಿ," ಎಂದು ನಾನು ಅಕ್ಕನ ಕಿವಿಯಲ್ಲಿ ಹೇಳಿದೆ. "ಒಂದ ಸಾಕು," ಎಂದು ಅವಳು ಗದರಿದಳು. ಹಣ್ಣು ಒಡೆದು ಕಾರು ಬೀದಿಯ ತುದಿಗೆ ಹೋಗಿ ತಿರುಗಿತು. ಅವಳು ಸದ್ದು ಅಡಗುವವರೆಗೂ ಅತ್ತಲೇ ಮುಖ ಮಾಡಿ ನಿಂತಿದ್ದಳು.

ವಿಜಯಪುರದ ಬಸ್ಸು ಹತ್ತಿದೆವು. ಅಲ್ಲಿಂದ ಇಂಡಿಗೆ ಇನ್ನೊಂದು. ಹೆಣ್ಣುಮಕ್ಕಳಿಗೆ ಈಗ ಬಸ್ಸು ಪುಕ್ಕಟೆ, ನನಗೆ ಮಾತ್ರ ಟಿಕೆಟ್. "ಕಾರು ಹೋದ್ರೂ ಲಾಭ ನಂದ," ಎಂದು ಅವಳು ಚೇಷ್ಟೆ ಮಾಡಿದಳು. ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು:

"ಕಡೀ ಸುತ್ತಿನಾಗ ನೀ ಕಣ್ಣ ಮುಚ್ಚಿದ್ದಿ ಅಲ್ಲ? ಕಸ್ತೂರಿ ಹೇಳಿದ್ಲು."

"ಹೌದು, ಅಂಜಿದ್ನಿ."

"ನಾನೂ ಮುಚ್ಚಿದ್ನಿ."

ನಾನು ಥಟ್ಟನೆ ಅವಳ ಕಡೆ ತಿರುಗಿದೆ.

"ಮುಂದ ಹೆಂಗಿರತೈತಿ ಅಂತ ನೋಡಬೇಕಾಗಿತ್ತು," ಎಂದಳು. "ತಿಳೀತೈತಿ ತಮ್ಮಾ. ಎಲ್ಲಿ ಜಾರತೈತಿ, ಎಲ್ಲಿ ಹಿಡೀತೈತಿ, ಎಲ್ಲಾ ಮೈಗೆ ತಿಳೀತೈತಿ. ನೀ ನನಗಾಗಿ ಭಾಳ ಅಂಜಬ್ಯಾಡ."

ಅವಳು ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಮುಂದೆ ಎಡಕ್ಕೆ ತಿರುವಿತ್ತು. ಬಸ್ಸು ಇನ್ನೂ ತಿರುಗುವ ಮೊದಲೇ ಅವಳು ಎಡಕ್ಕೆ ವಾಲಿದಳು. ನಾನು ಕಂಬಿ ಹಿಡಿದುಕೊಂಡೆ.