ಶಿವಗಂಗಾ ಕಲಿತ ದುರಾಕ್

ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಶಿವಗಂಗಾಳ ಮನೆ. ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ಅವಳು ಕೆಲಸ ಮಾಡುವ ಆಸ್ಪತ್ರೆ. ಪಾರ್ಶ್ವವಾಯು ಬಡಿದವರ ವಾರ್ಡಿನಲ್ಲಿ ಅವಳು ಥೆರಪಿ ಸಹಾಯಕಿ. ಗುಂಡಿ ಹಾಕುವುದು, ಚಮಚ ಹಿಡಿಯುವುದು, ಚಹಾದ ಕಪ್ ಎತ್ತುವುದು, ಇವನ್ನೆಲ್ಲ ಮರೆತ ಕೈಗಳಿಗೆ ಮತ್ತೆ ಕಲಿಸುವ ಕೆಲಸ. ಹನ್ನೆರಡು ವರ್ಷದ ಹಿಂದೆ ಇಳಕಲ್ಲಿನಿಂದ ಡಾಕ್ಟರಾಗಲೆಂದು ರಷ್ಯಾದ ಕುರ್ಸ್ಕ್‌ಗೆ ಹೋಗಿದ್ದಳು. ಅನಾಟಮಿಯಲ್ಲಿ ಎರಡು ಸಲ ಫೇಲಾಗಿ ವಾಪಸಾದಳು. ಆ ಮಾತನ್ನು ಅವಳು ಇಲ್ಲಿ ಯಾರ ಬಳಿಯೂ ಎತ್ತಿದವಳಲ್ಲ.

ಅಲ್ಲಿ ಅವಳಿಗೆ ದಕ್ಕಿದ್ದು ಹಾಸ್ಟೆಲ್ಲಿನ ಬಾಗಿಲು ಕಾಯುತ್ತಿದ್ದ ತಮಾರಾ ಎಂಬ ಹೆಂಗಸು ಕಲಿಸಿದ ರಷ್ಯನ್ ಮಾತು, ಜೊತೆಗೆ ಇಬ್ಬರು ಎದುರುಬದುರು ಕೂತು ಆಡುವ ಒಂದು ಇಸ್ಪೀಟ್ ಆಟ. ಹೆಸರು ದುರಾಕ್, ದಡ್ಡ ಎಂದರ್ಥ.

ಕಳೆದ ಫೆಬ್ರವರಿಯಲ್ಲಿ ಲಿಡಿಯಾ ವಾರ್ಡಿಗೆ ಬಂದರು. ಎಂಬತ್ತೊಂದು ವರ್ಷದ ಈ ರಷ್ಯನ್ ಅಜ್ಜಿ ಐವತ್ತು ವರ್ಷದಿಂದ ಶೆಫೀಲ್ಡಿನವರೇ. ಆದರೆ ಪಾರ್ಶ್ವವಾಯು ಬಲಗೈಯ ಜೊತೆಗೆ ಅವರ ಇಂಗ್ಲಿಷನ್ನೂ ಕಿತ್ತುಕೊಂಡಿತ್ತು. ಹುಟ್ಟುಭಾಷೆಯ ನಾಲ್ಕಾರು ತುಂಡು ಮಾತಷ್ಟೇ ಉಳಿದಿತ್ತು. ಮಗ ಪೀಟರ್ ಇಲ್ಲೇ ಹುಟ್ಟಿದವನು. ರಷ್ಯನ್ ಅರ್ಥವಾಗುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಲಿಡಿಯಾ ವ್ಯಾಯಾಮ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಒಂದು ಮಧ್ಯಾಹ್ನ ಶಿವಗಂಗಾ ವಾರ್ಡಿನ ಥೆರಪಿಸ್ಟ್ ಮೇಡಮ್ಮಿನ ಒಪ್ಪಿಗೆ ಪಡೆದು ಇಸ್ಪೀಟ್ ಕಟ್ಟು ತಂದು, ಎರಡರಿಂದ ಐದರವರೆಗಿನ ಎಲೆಗಳನ್ನು ಹೆಕ್ಕಿ ಬದಿಗಿಟ್ಟಳು. ಮೂವತ್ತಾರು ಉಳಿದವು. ಕಲೆಸುವ ಸದ್ದಿಗೆ ಲಿಡಿಯಾ ತಿರುಗಿದರು.

"ದುರಾಕ್ ಆಡೋಣವಾ?" ಶಿವಗಂಗಾ ರಷ್ಯನ್ನಿನಲ್ಲಿ ಕೇಳಿದಳು. ಎಷ್ಟೋ ವರ್ಷ ಆಡದ ಭಾಷೆ, ನಾಲಗೆ ತೊದಲಿತು. ಲಿಡಿಯಾ ಎದ್ದು ಕೂರಲು ನೋಡಿದರು.

ತಲಾ ಆರು ಎಲೆ ಹಂಚಿದಳು. ಮುಂದಿನ ಎಲೆಯನ್ನು ಮಗುಚಿ ತೋರಿಸಿ ಉಳಿದ ಕಟ್ಟನ್ನು ಅದರ ಮೇಲಿಟ್ಟಳು. ಅದು ಆಟೀನ್, ಹಾಗಾಗಿ ಆಟೀನೇ ತುರುಪು. ಅತಿ ಸಣ್ಣ ತುರುಪು ಇದ್ದವರು ಶುರು ಮಾಡಬೇಕು. ಲಿಡಿಯಾ ಆಟೀನ್ ಆರು ತೋರಿಸಿ, ಕಳಾವರ್ ಏಳನ್ನು ಇಳಿಸಿದರು. ಅದನ್ನು ಹೊಡೆಯಲು ಕಳಾವರಿನದೇ ದೊಡ್ಡ ಎಲೆ ಬೇಕು, ಇಲ್ಲವೇ ತುರುಪು. ಶಿವಗಂಗಾ ಕಳಾವರ್ ಒಂಬತ್ತರಿಂದ ಹೊಡೆದಳು. ಮೇಜಿನ ಮೇಲೆ ಬಿದ್ದ ಅಂಕಿಯದೇ ಇನ್ನೊಂದು ಎಲೆ ಇದ್ದರೆ ಇಳಿಸಿದವರು ಅದನ್ನೂ ಎಸೆಯಬಹುದು. ಲಿಡಿಯಾ ಡೈಮನ್ ಒಂಬತ್ತು ಎಸೆದರು. ಅದಕ್ಕೆ ಶಿವಗಂಗಾಳ ಬಳಿ ಉತ್ತರವಿರಲಿಲ್ಲ. ಹೊಡೆದಿದ್ದರೆ ಎಲೆಗಳೆಲ್ಲ ಆಚೆ ಹೋಗಿ ಸರದಿ ಅವಳದಾಗುತ್ತಿತ್ತು. ಹೊಡೆಯಲಾಗದ್ದರಿಂದ ಮೂರೂ ಅವಳ ಕೈ ಸೇರಿದವು. ಲಿಡಿಯಾ ಕಟ್ಟಿನಿಂದ ತೆಗೆದು ಮತ್ತೆ ಆರು ಮಾಡಿಕೊಂಡರು.

ಕಟ್ಟು ಮುಗಿದ ಮೇಲೆ ಹಾಗೆ ತುಂಬಿಕೊಳ್ಳುವಂತಿಲ್ಲ. ಕೈ ಖಾಲಿಯಾದವರು ಪಾರು, ಎಲೆ ಉಳಿದವರು ದಡ್ಡರು. ಲಿಡಿಯಾ ಕೊನೆಯ ಎಲೆ ಇಟ್ಟಾಗ ಶಿವಗಂಗಾಳ ಕೈಯಲ್ಲಿ ಇನ್ನೂ ನಾಲ್ಕಿದ್ದವು.

"ದುರಾಕ್!" ಎಂದರು ಲಿಡಿಯಾ, ಸ್ಪಷ್ಟವಾಗಿ. ನಗು ಬಾಯಿಯ ಒಂದೇ ಕಡೆ ಅರಳಿತು.

ಮರುದಿನ ಶಿವಗಂಗಾ ಹೊಸ ನಿಯಮ ಹಾಕಿದಳು. "ಎಡಗೈಯಲ್ಲಿ ಹಿಡಿಯಿರಿ, ಬಲಗೈಯಲ್ಲಿ ಇಳಿಸಿ." ಲಿಡಿಯಾ ಬೈದರು. ಎಲೆ ಜಾರಿ ನೆಲಕ್ಕೆ ಬಿತ್ತು, ಮತ್ತೆ ಬಿತ್ತು. ಮೂರು ವಾರದಲ್ಲಿ ಬೆರಳುಗಳಿಗೆ ಎಲೆಯ ಅಂಚು ಸಿಕ್ಕಿತು, ಆಮೇಲೆ ಚಮಚವೂ.

ಊರಿನಲ್ಲಿದ್ದ ತಾಯಿ ಕಾಶೀಬಾಯಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳಿಗೆ ಗಾಬರಿ. "ದವಾಖಾನ್ಯಾಗ ಇಸ್ಪೀಟ್ ಆಡ್ತೀಯೇನ? ಯಾರರೆ ನೋಡ್ಯಾರು!"

"ಥೆರಪಿ ಮೇಡಮ್ಮರ ಆಡು ಅಂದಾರ ಯವ್ವಾ," ಎಂದು ನಕ್ಕ ಶಿವಗಂಗಾಳ ದನಿ ಸಣ್ಣದಾಯಿತು. "ಅಪ್ಪ ನನ್ನ ರಷ್ಯಾಕ ಕಳಿಸಿದ್ದು ಸುಮ್ನ ಹಾಳಾತಂತ ಇಷ್ಟ ವರ್ಷ ಕೊರೀತಿತ್ತು. ಹಾಳಾಗಿಲ್ಲ ನೋಡು."

ತಾಯಿಗೆ ಹಳೆಯದೊಂದು ನೆನಪಾಯಿತು. "ನೀ ಉಂಡ್ಯೋ ಇಲ್ಲೋ ಅಂತ ದಿನಾ ಕೇಳ್ತಿದ್ಲಲ್ಲ, ಆ ತಮಾರಾ, ಅಕಿಗೊಂದು ಶರಣು ಹೇಳು."

"ಈಗ ಎಲ್ಲಿದ್ದಾಳೋ ಗೊತ್ತಿಲ್ಲವ್ವಾ."

"ಎಲ್ಲಿದ್ರೇನು. ಕುಂತಲ್ಲಿಂದನ ಅನ್ನು."

ಶಿವಗಂಗಾ ಕಿಟಕಿಯ ಬಳಿ ನಿಂತು ಕೈಮುಗಿದಳು.

ಲಿಡಿಯಾ ಮನೆಗೆ ಹೋಗುವ ವಾರ ಪೀಟರ್ ಬಂದು, ತನಗೂ ಆಟ ಕಲಿಸು ಎಂದು ಶಿವಗಂಗಾಳನ್ನು ಕೇಳಿದ. ತಾಯಿಯೆದುರು ಕೂತು ಸಾಲಾಗಿ ಐದು ಆಟ ಸೋತ. ಪ್ರತಿ ಸಲವೂ ತಾಯಿ "ದುರಾಕ್" ಎನ್ನುವಾಗ, "ಹೌದು, ನಾನೇ ದುರಾಕ್" ಎಂದು ತಡವರಿಸುತ್ತಾ ರಷ್ಯನ್ನಿನಲ್ಲೇ ಒಪ್ಪಿಕೊಳ್ಳುತ್ತಿದ್ದ ಅವನ ಕಣ್ಣು ಒದ್ದೆಯಾಗುತ್ತಿತ್ತು.

"ಇಷ್ಟು ವರ್ಷ ಅಮ್ಮನ ಭಾಷೆಯಲ್ಲಿ ನಾನು ಒಂದೂ ಮಾತಾಡಿರಲಿಲ್ಲ. ಥ್ಯಾಂಕ್ಸ್, ಗಂಗಾ," ಎಂದ.

ಲಿಡಿಯಾ ಅಷ್ಟರಲ್ಲೇ ಬಲಗೈಯಿಂದ ಎಲೆ ಹಂಚತೊಡಗಿದ್ದರು. ನಿಧಾನವಾಗಿ, ಒಂದೊಂದೇ, ಈ ಸಲ ಮೂವರಿಗೆ.