ಬಳೆ ತೊಟ್ಟ ಮೇಲಿನ ನಮಸ್ಕಾರ

ಮಕ್ಕಳೇ, ನಮ್ಮ ಸೀಮೆ ಹಿಂದೂಸ್ತಾನಕ್ಕೆ ಸೇರಿದ ಕಥೆ ಹೇಳು ಎನ್ನುತ್ತೀರಿ. ನಾನು ಸೈನ್ಯ ಬಂತು, ಬಾವುಟ ಹಾರಿತು ಎಂದು ಮಾತು ಮುಗಿಸುತ್ತೇನೆ. ಉಳಿದದ್ದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದೆವು. ಹತ್ತಿರದ ಹಳ್ಳಿ ನಮ್ಮದು. ಕಲ್ಯಾಣಿಯ ಮುಸಲ್ಮಾನ ಬಳೆಗಾರ್ತಿಯೊಬ್ಬಳು ಹಬ್ಬಕ್ಕೆ, ಮದುವೆಗೆ ಬಂದು ನಮ್ಮ ಮನೆಯ ಹೆಂಗಸರಿಗೆಲ್ಲ ಬಳೆ ಇಡುತ್ತಿದ್ದಳು. ನಾವು ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು. ಬಳೆ ತೊಟ್ಟವರು ಎದ್ದು ಆಕೆಗೆ ನಮಸ್ಕರಿಸಬೇಕು, ಆಕೆ ಹರಸಬೇಕು. ನನ್ನ ಅಜ್ಜಿಯೂ ಬಾಗುತ್ತಿದ್ದಳು.

ನಿಜಾಮನ ಪರವಾಗಿ ಬಂದೂಕು ಹಿಡಿದವರಿಗೆ ನಾವು ಹೆದರಿ ಬದುಕಿದ್ದು ಸುಳ್ಳಲ್ಲ. ಆದರೆ ಅವನ ಆಳ್ವಿಕೆ ಮುಗಿದ ಮೇಲೆ ಸೇಡಿಗೆ ಹೊರಟ ಗುಂಪು ಖಾಲಾಳ ಓಣಿಗೆ ನುಗ್ಗಿತು. ಬಳೆ ಮಾರುವುದು ಬಿಟ್ಟು ಬೇರೇನೂ ಅರಿಯದ ಆಕೆಯ ಗಂಡನನ್ನು ಕೊಂದರು. ಆ ಗುಂಪಿನಲ್ಲಿ ನನ್ನ ಕಾಕಾ, ಅಪ್ಪನ ತಮ್ಮ, ಇದ್ದ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಅದರ ಮಾತೆತ್ತಲಿಲ್ಲ.

ಮರುವರ್ಷ ನನ್ನ ಮದುವೆ. ಯಾರೂ ಕರೆಯದಿದ್ದರೂ ಖಾಲಾ ಬಂದಳು.

“ಗಂಡ ಸತ್ತಾಕಿ ಮದಿಮಗಳಿಗಿ ಬಳಿ ಹ್ಯಾಂಗ ಇಡ್ತೀ?” ಎಂದಳು ಅಜ್ಜಿ.

“ಇದರಾಗ ಹೊಟ್ಟಿ ತುಂಬಬೇಕ್ರಿ, ಆಯಿ. ನೀವಽ ಬ್ಯಾಡಂದ್ರ ಊರಾಗ ಮತ್ಯಾರು ಕೈ ಕೊಡ್ತಾರ್ರಿ?”

ಅವ್ವ ಚಾಪೆ ಹಾಸಿದಳು. ಖಾಲಾ ನನ್ನ ಕೈ ಒತ್ತಿ ಒತ್ತಿ ಹಸಿರು ಬಳೆ ಏರಿಸಿದಳು.

“ಸಡ್ಲ ಬಿಡವಾ. ಇದೇನು ರೊಟ್ಟಿ ಬಡಿಯೋ ಕೈಯೋ, ಕುಡಗೋಲಿನ ಹಿಡಿಕಿಯೋ?”

ಯಾರೂ ನಗಲಿಲ್ಲ.

ಮುಗಿದ ಮೇಲೆ ಏಳಲು ಹೋದೆ. ಎದುರಿಗೆ ಪಡಸಾಲೆಯಲ್ಲಿ ಕಾಕಾ ಕುಳಿತಿದ್ದ. ಅವನ ಮುಂದೆ ಆಕೆಗೆ ಬಾಗಿದರೆ ಅವನು ಮಾಡಿದ್ದು ತಪ್ಪೆಂದು ನಾವೇ ಒಪ್ಪಿಕೊಂಡಂತೆ. ಅಜ್ಜಿ ನನ್ನ ಸೆರಗು ಜಗ್ಗಿ ಕೂಡಿಸಿದಳು. ಅವ್ವ ಒಳಗಿನಿಂದ ಮೊರದ ತುಂಬ ಜೋಳ ತಂದಿಟ್ಟಳು. ಎಂದೂ ಅಷ್ಟು ಕೊಟ್ಟವಳಲ್ಲ.

ಖಾಲಾ ತನಗೆ ಸಲ್ಲುವಷ್ಟನ್ನು ಕಟ್ಟಿಕೊಂಡು ಉಳಿದದ್ದನ್ನು ಮೊರದಲ್ಲೇ ಬಿಟ್ಟಳು. “ನಂದು ಇಷ್ಟಽ ರಿ, ಅಕ್ಕಾ.”

ಬಾಗಿಲಲ್ಲಿ ತುಸು ನಿಂತಳು. ಈಗಲಾದರೂ ಯಾರಾದರೂ ಎದ್ದಾರೆಂದು ಕಾದಳೇನೋ. ನಾನು ತಲೆ ತಗ್ಗಿಸಿ ಹೊಸ ಬಳೆ ನೋಡುತ್ತ ಕುಳಿತೆ.

“ಗಂಡನ ಕೂಡ ಛಲೋತ್ನಾಗ ಬಾಳವಾ,” ಎಂದು ಹರಸಿ ಹೊರಟಳು.

ಆ ಹಾರೈಕೆ ಪಡೆದೇ ನಾನು ಹುಮನಾಬಾದಿಗೆ ಸೊಸೆಯಾಗಿ ಹೋದೆ. ಖಾಲಾ ಮತ್ತೆ ನಮ್ಮೂರಿಗೆ ಬರಲಿಲ್ಲ. ಅವ್ವ ಅಂಗಡಿಯಿಂದ ಬಳೆ ತಂದು ತಾನೇ ಏರಿಸಿಕೊಳ್ಳತೊಡಗಿದಳು. ತವರಿಗೆ ಹೋದಾಗೆಲ್ಲ ಆಕೆಯ ಮುಂಗೈ ಮೇಲೆ ಗಾಜು ಗೀರಿದ ಗಾಯ ಕಾಣುತ್ತಿತ್ತು.